ವಾಲ್ವ್ ಟಿವಿ ಮತ್ತೆ ಹಚ್ಚುವ ಮುನ್ನ: ಇಎಚ್‌ಟಿ ಉಳಿಸಿಕೊಳ್ಳುವ ಕ್ರಮ

ದಾವಣಗೆರೆ ಹಳೇಪೇಟೆಯ ಅಟ್ಟಗಳಲ್ಲಿ, ಚಿತ್ರದುರ್ಗದ ಹಳೆ ಮನೆಗಳ ಮೂಲೆಕೋಣೆಗಳಲ್ಲಿ ಷಟರ್ ಬಾಗಿಲಿನ ಮರದ ಟಿವಿ ಈಗಲೂ ಸಿಗುತ್ತದೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದೇ 1981ರಲ್ಲಿ. ಹಾಗಾಗಿ ನಮ್ಮ ಕಡೆ ಪೂರಾ ವಾಲ್ವ್ (ಟ್ರಾನ್ಸಿಸ್ಟರಿಗೂ ಮೊದಲಿನ, ಕಾದು ಕೆಲಸ ಮಾಡುವ ಗಾಜಿನ ಕೊಳವೆ) ಸೆಟ್ ಅಪರೂಪ, ಕೈಗೆ ಬರುವುದು ಸಾಮಾನ್ಯವಾಗಿ ಹೈಬ್ರಿಡ್: ಟ್ಯೂನರ್ ಮತ್ತು ಐಎಫ್ (ಸಿಗ್ನಲ್ ಹಿಗ್ಗಿಸುವ) ಭಾಗ ಟ್ರಾನ್ಸಿಸ್ಟರಿನದು, ಲೈನ್ (ಚಿತ್ರವನ್ನು ಅಡ್ಡಕ್ಕೆ ಬರೆಯುವ ಭಾಗ), ಫ್ರೇಮ್ (ಮೇಲಿಂದ ಕೆಳಕ್ಕೆ ಬರೆಯುವ ಭಾಗ), ಸೌಂಡ್ ಔಟ್‌ಪುಟ್ ವಾಲ್ವಿನದು.

ಸಿಕ್ಕ ಕೂಡಲೇ ಪ್ಲಗ್ ಹಾಕಬೇಡಿ. ವರ್ಷಗಟ್ಟಲೆ ಕರೆಂಟ್ ಕಾಣದ ಸೆಟ್ಟಿಗೆ ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಯಾವುದೋ ಒಂದು ಹಳೆ ಕಂಡೆನ್ಸರ್ ಶಾರ್ಟ್ ಆಗುತ್ತದೆ, ಲೈನ್ ಔಟ್‌ಪುಟ್ ವಾಲ್ವ್ ಕೆಂಪಗೆ ಕಾಯುತ್ತದೆ, ಅದರ ಬೆನ್ನಿಗೇ ಇಎಚ್‌ಟಿ ಟ್ರಾನ್ಸ್‌ಫಾರ್ಮರ್, ಅಂದರೆ ಪಿಕ್ಚರ್ ಟ್ಯೂಬಿಗೆ ಸಾವಿರಾರು ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್, ಸುಡುತ್ತದೆ. ವಾಲ್ವ್ ಹುಡುಕಿದರೆ ಸಿಗುತ್ತದೆ. ಕಂಡೆನ್ಸರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇಕಾದಷ್ಟು. ಪಿಕ್ಚರ್ ಟ್ಯೂಬ್ ಕೂಡ ಇನ್ನೊಂದು ಗುಜರಿ ಸೆಟ್ಟಿನಿಂದ ಬರಬಹುದು. ಆದರೆ ಅದೇ ಮಾಡೆಲ್ಲಿನ ಇಎಚ್‌ಟಿ ಸಿಗುವುದು ಬಲು ಕಷ್ಟ, ಬೇರೆಯದನ್ನು ಕೂರಿಸಿದರೆ ಅಗಲವೂ ಸರಿಬಾರದು, ವೋಲ್ಟೇಜೂ ಸರಿಬಾರದು. ಮುಂದೆ ಹೇಳುವ ಕ್ರಮವೆಲ್ಲ ಆ ಒಂದು ವಸ್ತುವನ್ನು ಕಾಪಾಡುವುದಕ್ಕಾಗಿ.

ಚಾಸಿಸ್ ಮೇಲೆಯೇ ಕರೆಂಟ್ ಇರುತ್ತದೆ

ಈ ಸೆಟ್‌ಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಮೇನ್ಸಿನ ಒಂದು ತಂತಿ ನೇರ ಚಾಸಿಸ್‌ಗೆ (ಒಳಗಿನ ಲೋಹದ ಚೌಕಟ್ಟಿಗೆ) ಬರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ಚಾಸಿಸ್ ಅಷ್ಟೂ ಫೇಸ್. ಗುಂಡಿ ಕಳಚಿದ ವಾಲ್ಯೂಮ್ ಕಂಟ್ರೋಲಿನ ದಂಡ ಮುಟ್ಟಿದರೂ ಸಾಕು, ಹೊಡೆಯುತ್ತದೆ. ಆದ್ದರಿಂದ ಮೊದಲು ಬೇಕಾದ್ದು ವೋಲ್ಟೇಜ್ ಬದಲಿಸದೆ ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ 1:1 ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಸೆಟ್ ತಿನ್ನುವುದು 150ರಿಂದ 180 ವ್ಯಾಟ್ ಅಷ್ಟೇ ಆದರೂ 500 ವಿಎಯದನ್ನೇ ತನ್ನಿ. ಒಳಗಿನ ರೆಕ್ಟಿಫೈಯರ್ ಅರ್ಧ ಅಲೆಯದು, ಒಂದೇ ದಿಕ್ಕಿಗೆ ಕರೆಂಟ್ ಎಳೆಯುತ್ತದೆ. ಚಿಕ್ಕ ಟ್ರಾನ್ಸ್‌ಫಾರ್ಮರಿನ ಕೋರ್ ಸ್ಯಾಚುರೇಟ್ ಆಗಿ ಗುಂಯ್‌ಗುಡುತ್ತಾ ಕಾಯುತ್ತದೆ. ವೇರಿಯಾಕ್ (ವೋಲ್ಟೇಜನ್ನು ತಿರುಗಿಸಿ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಇದ್ದರೆ ಒಳ್ಳೆಯದು, ಆದರೆ ವೇರಿಯಾಕ್ ಐಸೊಲೇಟ್ ಮಾಡುವುದಿಲ್ಲ. ಅದನ್ನು ಮೇನ್ಸ್ ಕಡೆಗಿಟ್ಟು ಅದರ ನಂತರ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಪಿಕ್ಚರ್ ಟ್ಯೂಬ್ ಸ್ವತಃ ದೊಡ್ಡ ಕಂಡೆನ್ಸರ್. ಇಎಚ್‌ಟಿಯಿಂದ ಬರುವ ಆನೋಡ್ ತಂತಿ ಟ್ಯೂಬಿಗೆ ಸೇರುವ ರಬ್ಬರ್ ಕ್ಯಾಪಿನ ಕೆಳಗೆ 16ರಿಂದ 20 ಕಿಲೋವೋಲ್ಟ್ ಚಾರ್ಜ್ ನಿಂತಿರಬಹುದು. ಉದ್ದ ಸ್ಕ್ರೂಡ್ರೈವರಿಗೆ ಕ್ರೊಕೊಡೈಲ್ ಕ್ಲಿಪ್ಪಿನ ತಂತಿ ಕಟ್ಟಿ, ಕ್ಲಿಪ್ಪನ್ನು ಟ್ಯೂಬಿನ ಹಿಂಬದಿಯ ಕಪ್ಪು ಗ್ರಾಫೈಟ್ ಲೇಪನಕ್ಕೆ ಒತ್ತಿಕೊಂಡಿರುವ ತಂತಿಗೆ ಹಾಕಿ, ತುದಿಯನ್ನು ಕ್ಯಾಪಿನ ಅಡಿಗೆ ತೂರಿಸಿ. ಚಾಸಿಸ್‌ಗೆ ಶಾರ್ಟ್ ಮಾಡಬೇಡಿ, ಆ ಹೊಡೆತ ಟ್ರಾನ್ಸಿಸ್ಟರುಗಳಿಗೆ ತಾಗುತ್ತದೆ. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿ, ಗಾಜಿನಲ್ಲಿ ಅಡಗಿದ ಚಾರ್ಜ್ ಮತ್ತೆ ಮೇಲೆ ಬಂದಿರುತ್ತದೆ. ಟ್ಯೂಬನ್ನು ಕುತ್ತಿಗೆ ಹಿಡಿದು ಎತ್ತಬಾರದು, ಕಣ್ಣಿಗೆ ಕನ್ನಡಕ ಇರಲಿ.

ಧೂಳು

ನಮ್ಮ ಊರಿನ ಧೂಳು ಸಾಮಾನ್ಯದ್ದಲ್ಲ. ಎರೆಮಣ್ಣಿನ ಪುಡಿ, ಗಿರಣಿ ಕಾಲದ ಹತ್ತಿ ಎಳೆ, ಮಂಡಕ್ಕಿ ಭಟ್ಟಿ ಹತ್ತಿರದ ಮನೆಯಾದರೆ ಮಸಿ. ಹೈವೋಲ್ಟೇಜ್ ಇದನ್ನೆಲ್ಲ ಸೆಳೆದು ಇಎಚ್‌ಟಿಯ ಸುತ್ತ, ಆನೋಡ್ ತಂತಿಯ ಮೇಲೆ ಕಂಬಳಿಯಂತೆ ಹೊದಿಸಿರುತ್ತದೆ. ಮಸಿಯೆಂದರೆ ಇಂಗಾಲ, ಅದರ ಮೂಲಕವೇ ಸ್ಪಾರ್ಕ್ ಓಡುತ್ತದೆ. ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಸಡಿಲಿಸಿ, ಬ್ಲೋವರಿನಿಂದ ಹಾರಿಸಿ. ಇಎಚ್‌ಟಿ, ರಬ್ಬರ್ ಕ್ಯಾಪ್, ಟ್ಯೂಬಿನ ಆನೋಡ್ ಸುತ್ತಲಿನ ಗಾಜು, ಇವಿಷ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ. ಗ್ರಾಫೈಟ್ ಲೇಪನಕ್ಕೆ ಆಲ್ಕೋಹಾಲ್ ತಾಕಿಸಬೇಡಿ, ಅದು ಎದ್ದುಬರುತ್ತದೆ. ವಾಲ್ವ್ ಮೇಲಿನ ನಂಬರ್ ಒರೆಸಿದರೆ ಹೋಗಿಬಿಡುತ್ತದೆ. ಮೊದಲೇ ಫೋಟೊ ತೆಗೆದಿಡಿ.

ಫ್ಯೂಸ್ ನೋಡಿ. ಹಿಂದಿನ ಮೆಕ್ಯಾನಿಕ್ ಯಾರಾದರೂ ತಂತಿ ಎಳೆ ಸುತ್ತಿದ್ದರೆ ಕಿತ್ತುಹಾಕಿ ಚಾಸಿಸ್ ಮೇಲೆ ಬರೆದ ಆಂಪಿಯರಿನ ಫ್ಯೂಸನ್ನೇ ಹಾಕಿ.

ಹೀಟರ್ ಸರಪಳಿ

ಎಲ್ಲ ವಾಲ್ವಿನ ಹೀಟರುಗಳೂ ಪಿಕ್ಚರ್ ಟ್ಯೂಬಿನದೂ ಒಂದೇ ಸೀರೀಸಿನಲ್ಲಿ 300 ಮಿಲಿಆಂಪ್ ಮೇಲೆ ನಡೆಯುತ್ತವೆ. ಒಂದು ಕಡಿದರೆ ಎಲ್ಲವೂ ಕತ್ತಲೆ. ಮೀಟರಿನಿಂದ ಒಂದೊಂದರ ಹೀಟರ್ ಪಿನ್ ಅಳೆಯಿರಿ. ಸಾಮಾನ್ಯವಾಗಿ ಕಾಣುವ ವಾಲ್ವುಗಳ ಹೀಟರ್ ವೋಲ್ಟೇಜ್ ಹೀಗಿದೆ: ಪಿಎಲ್504ಕ್ಕೆ (ಲೈನ್ ಔಟ್‌ಪುಟ್) 27, ಪಿವೈ88ಕ್ಕೆ (ಲೈನ್ ಸ್ಟೇಜಿನ ಬೂಸ್ಟ್ ಡಯೋಡ್) 30, ಪಿಸಿಎಲ್805ಕ್ಕೆ (ಫ್ರೇಮ್) 18, ಪಿಸಿಎಲ್84ಕ್ಕೆ (ವಿಡಿಯೊ) 15, ಪಿಸಿಎಲ್86ಕ್ಕೆ (ಸೌಂಡ್) 14, ಪಿಸಿಎಫ್802ಕ್ಕೆ (ಲೈನ್ ಆಸಿಲೇಟರ್) 9, ಪಿಕ್ಚರ್ ಟ್ಯೂಬಿಗೆ 6.3. ಒಟ್ಟು 119 ವೋಲ್ಟ್ ಚಿಲ್ಲರೆ. ಉಳಿದ 111 ವೋಲ್ಟನ್ನು ಡ್ರಾಪರ್ ರೆಸಿಸ್ಟೆನ್ಸ್ ತಿನ್ನಬೇಕು: 111 ಭಾಗಿಸು 0.3, ಅಂದರೆ 370 ಓಮ್, ಶಾಖ 33 ವ್ಯಾಟ್. ಡ್ರಾಪರ್ ಕಡಿದಿದ್ದರೆ ಕನಿಷ್ಠ 50 ವ್ಯಾಟಿನ ವೈರ್‌ವೂಂಡ್ ಹಾಕಿ, ಇಎಚ್‌ಟಿಯಿಂದ ದೂರವಿಡಿ.

ಕೆಲವು ಸೆಟ್‌ಗಳಲ್ಲಿ ಡ್ರಾಪರ್ ಚಿಕ್ಕದಿದ್ದು ಅದರ ಜೊತೆಗೊಂದು ಬಿವೈ127 ಡಯೋಡ್ ಸರಪಳಿಯಲ್ಲೇ ಕೂತಿರುತ್ತದೆ. ಅರ್ಧ ಅಲೆ ಕತ್ತರಿಸಿದಾಗ 230 ವೋಲ್ಟಿನ ಕಾವು 163 ವೋಲ್ಟಿನಷ್ಟಕ್ಕೆ ಇಳಿಯುತ್ತದೆ, ಡ್ರಾಪರ್ ಸುಮಾರು 145 ಓಮ್ ಇದ್ದರೆ ಸಾಕು. ಈ ಡಯೋಡ್ ಶಾರ್ಟ್ ಆದರೆ ಎಲ್ಲ ವಾಲ್ವುಗಳೂ ಮಿತಿಮೀರಿ ಉರಿಯುತ್ತವೆ, ಪಿಕ್ಚರ್ ಟ್ಯೂಬೂ ಸೇರಿ. ಕರೆಂಟ್ ಕೊಡುವ ಮುನ್ನ ಇದನ್ನು ಬಿಚ್ಚಿ ಅಳೆಯಿರಿ, ಅನುಮಾನ ಬಂದರೆ 1ಎನ್4007 ಹಾಕಿ. ಇಂಥ ಸರಪಳಿಯ ವೋಲ್ಟೇಜನ್ನು ಸಾಮಾನ್ಯ ಮೀಟರಿನ ಎಸಿ ರೇಂಜಿನಲ್ಲಿ ಅಳೆದು ನಂಬಬೇಡಿ, ಟ್ರೂ ಆರ್‌ಎಂಎಸ್ ಮೀಟರೇ ಬೇಕು. ಅದೂ ಎಸಿ ಜೊತೆ ಡಿಸಿಯನ್ನೂ ಕೂಡಿಸಿ ತೋರಿಸುವಂಥದ್ದು.

ಸರಪಳಿಯಲ್ಲಿ ಕೆಲವು ವಾಲ್ವ್ ಆರಿ ಉಳಿದವು ಜೋರಾಗಿ ಬೆಳಗಿದರೆ, ಆ ಎರಡು ಗುಂಪಿನ ಗಡಿಯಲ್ಲಿರುವ ವಾಲ್ವಿನ ಹೀಟರ್ ಕ್ಯಾಥೋಡಿಗೆ ಶಾರ್ಟ್ ಆಗಿದೆ ಎಂದರ್ಥ. ತಕ್ಷಣ ಆರಿಸಿ.

ಕಂಡೆನ್ಸರ್‌ಗಳು

ಮುಖ್ಯ ಫಿಲ್ಟರ್ ಎಲೆಕ್ಟ್ರೊಲಿಟಿಕ್ ಡಬ್ಬಿಯಲ್ಲಿ ಎರಡು ಮೂರು ಭಾಗ ಇರುತ್ತದೆ, 200 ಮೈಕ್ರೊಫ್ಯಾರಡ್ ಆಸುಪಾಸು. ಬದಲಿಸುವುದೇ ಲೇಸು. ಹಳೆ ಡಬ್ಬಿಯನ್ನು ಕಾಣಲಿಕ್ಕೆಂದು ಹಾಗೇ ಬಿಟ್ಟು, ಅದರ ತಂತಿಗಳನ್ನೆಲ್ಲ ಕಡಿದು, ಕೆಳಗೆ 105 ಡಿಗ್ರಿಯ ಹೊಸ ಕಂಡೆನ್ಸರ್ ಕಟ್ಟಿ. ವೋಲ್ಟೇಜ್ 450 ಇರಲಿ. ಕಾರಣವಿದೆ: ಸಿಲಿಕಾನ್ ಡಯೋಡ್ ಸ್ವಿಚ್ ಹಾಕಿದ ಕ್ಷಣವೇ ಎಚ್‌ಟಿ (ವಾಲ್ವುಗಳನ್ನು ನಡೆಸುವ ಡಿಸಿ ವೋಲ್ಟೇಜ್, ಇಎಚ್‌ಟಿ ಅಲ್ಲ) ಕೊಡುತ್ತದೆ, ವಾಲ್ವುಗಳು ಕಾಯಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ಲೋಡ್ ಇರುವುದಿಲ್ಲ, ಎಚ್‌ಟಿ 325 ವೋಲ್ಟಿಗೆ ಏರುತ್ತದೆ. ರಾತ್ರಿ ಹೊತ್ತು ಮೇನ್ಸ್ 250 ಆದರೆ ಅದು 350 ದಾಟುತ್ತದೆ. ಮೈಕ್ರೊಫ್ಯಾರಡ್ ಮಾತ್ರ ಹೆಚ್ಚಿಸಬೇಡಿ, ಡಯೋಡಿನ ಮೇಲೆ ಹೊಡೆತ ಬೀಳುತ್ತದೆ. ಡಯೋಡಿನ ಮುಂದಿನ ಕೆಲವೇ ಓಮಿನ ಸರ್ಜ್ ರೆಸಿಸ್ಟೆನ್ಸನ್ನೂ ತೆಗೆಯಬೇಡಿ.

ಹಳೆಯದನ್ನೇ ಉಳಿಸಬೇಕೆಂದರೆ ಸೆಟ್ಟಿನಿಂದ ಬಿಚ್ಚಿ ಹೊರಗೆ ರೀಫಾರ್ಮ್ ಮಾಡಿ, ಅಂದರೆ ವೋಲ್ಟೇಜನ್ನು ನಿಧಾನ ಏರಿಸಿ ಅದರ ಒಳಪದರ ಮತ್ತೆ ಕಟ್ಟಿಕೊಳ್ಳುವಂತೆ ಮಾಡಿ. ವೇರಿಯಾಕ್, ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಒಂದು 1ಎನ್4007, ಆಮೇಲೆ 22 ಕಿಲೋಓಮ್ 10 ವ್ಯಾಟ್ ರೆಸಿಸ್ಟೆನ್ಸಿನ ಮೂಲಕ ಕಂಡೆನ್ಸರ್. ರೆಸಿಸ್ಟೆನ್ಸಿನ ಎರಡು ತುದಿಗೆ ಮೀಟರ್ ಹಿಡಿದರೆ 22 ವೋಲ್ಟಿಗೆ 1 ಮಿಲಿಆಂಪ್ ಲೀಕೇಜ್. 50 ವೋಲ್ಟಿನ ಮೆಟ್ಟಿಲುಗಳಲ್ಲಿ ಏರಿಸುತ್ತಾ ಪ್ರತಿ ಮೆಟ್ಟಿಲಲ್ಲೂ ಮೀಟರ್ ಇಳಿದು ನಿಲ್ಲುವವರೆಗೆ ಕಾಯಿರಿ. ಪೂರ್ತಿ ವೋಲ್ಟೇಜಿನಲ್ಲಿ ಎರಡು ಮೂರು ತಾಸಿನ ಮೇಲೂ 100 ವೋಲ್ಟಿಗಿಂತ ಹೆಚ್ಚು ತೋರಿಸಿದರೆ, ಅಥವಾ ಡಬ್ಬಿ ಬೆಚ್ಚಗಾದರೆ, ಅದು ಹೋಯಿತು.

ಮೇಣದ ಮತ್ತು ಕಾಗದದ ಕಂಡೆನ್ಸರ್‌ಗಳನ್ನು ಪರೀಕ್ಷೆ ಮಾಡುತ್ತಾ ಕೂರಬೇಡಿ, ಎಲ್ಲವನ್ನೂ 630 ವೋಲ್ಟಿನ ಪಾಲಿಯೆಸ್ಟರ್ ಹಾಕಿ ಬದಲಿಸಿ. ಒಂದು ಸಲಕ್ಕೆ ಒಂದು, ಬೆಸುಗೆ ಹಾಕಿದ್ದನ್ನು ನೋಡಿ ಮುಂದಿನದಕ್ಕೆ ಹೋಗಿ. ಮೂರು ಜಾಗ ಇಎಚ್‌ಟಿಯ ಜೀವದ ಪ್ರಶ್ನೆ. ಒಂದು, ಪಿಎಲ್504ರ ಗ್ರಿಡ್ಡಿಗೆ ಬರುವ ಕಪ್ಲಿಂಗ್ ಕಂಡೆನ್ಸರ್: ಚೂರು ಲೀಕ್ ಆದರೂ ಕರೆಂಟನ್ನು ಹಿಡಿತದಲ್ಲಿಡುವ ಗ್ರಿಡ್ಡಿನ ಮೈನಸ್ ವೋಲ್ಟೇಜ್ ಹೋಗಿ ವಾಲ್ವ್ ಕೆಂಪಾಗುತ್ತದೆ. ಎರಡು, ಬೂಸ್ಟ್ ಕಂಡೆನ್ಸರ್: ಇದಕ್ಕೆ ಕನಿಷ್ಠ 1000 ವೋಲ್ಟಿನ ಪಾಲಿಪ್ರೊಪಿಲೀನ್ ಬೇಕು. ಮೂರು, ಯೋಕಿಗೆ (ಟ್ಯೂಬಿನ ಕುತ್ತಿಗೆಯ ಸುತ್ತಲಿನ ಕಾಯಿಲ್) ಸೀರೀಸ್ ಇರುವ ಎಸ್ ಕರೆಕ್ಷನ್ ಕಂಡೆನ್ಸರ್, ಅದಕ್ಕೂ ಪಾಲಿಪ್ರೊಪಿಲೀನೇ. ಮೈಕ್ರೊಫ್ಯಾರಡ್ ಮೊದಲಿದ್ದಷ್ಟೇ ಇರಲಿ, ಬದಲಾದರೆ ಚಿತ್ರದ ಅಗಲ ಬದಲಾಗುತ್ತದೆ.

ಇಂಗಾಲದ ರೆಸಿಸ್ಟೆನ್ಸ್‌ಗಳು ವಯಸ್ಸಾದಂತೆ ಓಮ್ ಏರಿಸಿಕೊಳ್ಳುತ್ತವೆ, 100 ಕಿಲೋಓಮಿಗಿಂತ ಮೇಲಿನವು ಹೆಚ್ಚು. ಬರೆದದ್ದಕ್ಕಿಂತ ಶೇಕಡಾ 20 ಮೇಲಿದ್ದರೆ ಬದಲಿಸಿ. ಬೋರ್ಡು ಕಂದು ಬಣ್ಣದ ಫಿನಾಲಿಕ್ಕಿನದು. ವಾಲ್ವ್ ಸಾಕೆಟ್ ಕೆಳಗೆ ಕಾದು ಕಾದು ತಾಮ್ರದ ಗೆರೆ ಎದ್ದಿರುತ್ತದೆ, ಪಿನ್ ಸುತ್ತ ಉಂಗುರದಂತೆ ಬೆಸುಗೆ ಒಡೆದಿರುತ್ತದೆ. ಐರನ್ ಒಂದೇ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಇಡಬೇಡಿ.

ಲೈನ್ ಸ್ಟೇಜ್ ಬಿಟ್ಟು ಮೊದಲ ಕರೆಂಟ್

ಇಲ್ಲೇ ಅನೇಕ ಸೆಟ್‌ಗಳು ಹಾಳಾಗುವುದು. ಲೈನ್ ಸ್ಟೇಜನ್ನು ನಿಲ್ಲಿಸಲು ಪಿಎಲ್504 ಕಿತ್ತರೆ ಹೀಟರ್ ಸರಪಳಿಯೇ ಕಡಿಯುತ್ತದೆ. ಬದಲಿಗೆ ಅದರ ತಲೆಯ ಮೇಲಿನ ಕ್ಯಾಪನ್ನೋ ಪಿವೈ88ರ ಕ್ಯಾಪನ್ನೋ ಮಾತ್ರ ತೆಗೆದರೆ ಆನೋಡಿಗೆ ವೋಲ್ಟೇಜ್ ಇಲ್ಲ, ಸ್ಕ್ರೀನ್ ಗ್ರಿಡ್ಡಿಗೆ ಇದೆ. ಅಷ್ಟೂ ಕರೆಂಟ್ ಸ್ಕ್ರೀನಿಗೆ ಹೋಗಿ ಅದು ಸುಡುತ್ತದೆ. ಸರಿಯಾದ ದಾರಿ ಎಂದರೆ ಪಿಎಲ್504ರ ಸ್ಕ್ರೀನ್ ರೆಸಿಸ್ಟೆನ್ಸಿನ ಒಂದು ಕಾಲು ಎತ್ತುವುದು.

ಸೆಟ್ಟಿಗೆ ಸೀರೀಸ್‌ನಲ್ಲಿ 200 ವ್ಯಾಟ್ ಬಲ್ಬ್, ಅದಿಲ್ಲದಿದ್ದರೆ ಪ್ಯಾರಲಲ್ ಮಾಡಿದ ಎರಡು 100 ವ್ಯಾಟ್ ಬಲ್ಬ್ ಹಾಕಿ ಸ್ವಿಚ್ ಒತ್ತಿ. ತಂತು ಇರುವ ಹಳೆ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯದು. ಬಲ್ಬ್ ಒಮ್ಮೆ ಮಿಂಚಿ ಮಂಕಾಗಿ, ಹೀಟರ್ ಸರಪಳಿಯ ಥರ್ಮಿಸ್ಟರ್ (ಕಾದಂತೆ ತಡೆ ಇಳಿಯುವ ರೆಸಿಸ್ಟೆನ್ಸ್) ಕಾದಂತೆ ನಿಧಾನ ಅರ್ಧಬೆಳಕಿಗೆ ಬಂದರೆ ಸರಿ. ಮೊದಲಿಂದ ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ತೆಗೆದು ಪೂರ್ತಿ ವೋಲ್ಟೇಜ್ ಕೊಟ್ಟ ಮೇಲೆ ಪಿಎಲ್504ರ ಕಂಟ್ರೋಲ್ ಗ್ರಿಡ್ಡಿನಲ್ಲಿ 1 ಮೆಗಾಓಮ್ ರೆಸಿಸ್ಟೆನ್ಸ್ ಮೂಲಕ ಡಿಸಿ ಅಳೆಯಿರಿ. ಮೈನಸ್ 30ರಿಂದ 60 ವೋಲ್ಟ್ ಬಂದರೆ ಲೈನ್ ಆಸಿಲೇಟರ್ ಓಡುತ್ತಿದೆ. ಸೊನ್ನೆಯ ಹತ್ತಿರ ಇದ್ದರೆ ಮುಂದೆ ಹೆಜ್ಜೆ ಇಡಬೇಡಿ. ಪಿಸಿಎಫ್802 ಮತ್ತು ಅದರ ಸುತ್ತಲಿನದನ್ನು ಮೊದಲು ಸರಿಮಾಡಿ. ಡ್ರೈವ್ ಇಲ್ಲದ ಪಿಎಲ್504ಕ್ಕೆ ಸ್ಕ್ರೀನ್ ವೋಲ್ಟೇಜ್ ಕೊಡುವುದು ಇಎಚ್‌ಟಿಗೆ ಬೆಂಕಿ ಇಟ್ಟಂತೆಯೇ.

ಲೈನ್ ಸ್ಟೇಜ್ ಜೋಡಿಸಿದ ಮೇಲೆ

ಸ್ಕ್ರೀನ್ ರೆಸಿಸ್ಟೆನ್ಸ್ ಮತ್ತೆ ಬೆಸೆಯಿರಿ. ಪಿಎಲ್504ರ ಕ್ಯಾಥೋಡ್ ಮತ್ತು ಚಾಸಿಸ್ ನಡುವೆ 10 ಓಮ್ 1 ವ್ಯಾಟ್ ಸೇರಿಸಿ ಅದರ ಮೇಲೆ ಮೀಟರ್ ಇಡಿ. 1.5 ವೋಲ್ಟ್ ಎಂದರೆ 150 ಮಿಲಿಆಂಪ್. 1.2ರಿಂದ 1.8ರೊಳಗೆ ಇದ್ದರೆ ನಿಶ್ಚಿಂತೆ. ವಾಲ್ವಿನ ಮಿತಿ 250 ಮಿಲಿಆಂಪ್, ಮೀಟರ್ 2.5 ತೋರಿಸಿದರೆ ಕೂಡಲೇ ಆರಿಸಿ. ಕೋಣೆಯ ದೀಪ ಆರಿಸಿ ಆನೋಡಿನ ತಗಡನ್ನು ನೋಡುತ್ತಿರಿ. ಕೆಂಪು ಕಂಡರೆ ಐದು ಸೆಕೆಂಡೂ ಬಿಡಬೇಡಿ. ವಾಲ್ವಿನ ತಲೆಯ ಕ್ಯಾಪಿಗೆ ಮೀಟರ್ ಮುಟ್ಟಿಸಬಾರದು, ಅಲ್ಲಿ ಹಲವು ಕಿಲೋವೋಲ್ಟಿನ ಪಲ್ಸ್ ಇರುತ್ತದೆ.

ಡ್ರೈವ್ ಇದ್ದೂ ಕರೆಂಟ್ ಜಾಸ್ತಿ ಎಂದರೆ ಇಎಚ್‌ಟಿಯ ಮೇಲೆ ಭಾರ ಬಿದ್ದಿದೆ. ಇಎಚ್‌ಟಿಯೇ ಹೋಯಿತೆಂದು ತೀರ್ಮಾನಿಸುವ ಮುನ್ನ ಭಾರಗಳನ್ನು ಒಂದೊಂದಾಗಿ ಇಳಿಸಿ, ಪ್ರತಿ ಸಲವೂ ಸ್ವಿಚ್ ಆರಿಸಿ ಡಿಸ್ಚಾರ್ಜ್ ಮಾಡಿಯೇ ಕೈ ಹಾಕಿ. ಮೊದಲು ಇಎಚ್‌ಟಿಯ ರೆಕ್ಟಿಫೈಯರ್ ವಾಲ್ವ್ ಡಿವೈ802ರ ಆನೋಡ್ ಕ್ಯಾಪ್ ತೆಗೆದು ಯಾವುದಕ್ಕೂ ತಾಗದಂತೆ ದೂರ ಕಟ್ಟಿ. ಕರೆಂಟ್ ಇಳಿದರೆ ತಪ್ಪು ಡಿವೈ802ರದ್ದು ಇಲ್ಲವೇ ಟ್ಯೂಬಿನದು. ಡಿವೈ802ರ ಬದಲು ಸೆಲೆನಿಯಂ ಅಥವಾ ಸಿಲಿಕಾನ್ ಸ್ಟಿಕ್ ಇದ್ದರೆ ಅದನ್ನೂ ಹೀಗೆಯೇ ಬಿಡಿಸಿ ನೋಡಿ. ಆಮೇಲೆ ಯೋಕ್, ಬ್ರೈಟ್‌ನೆಸ್ ಪೂರ್ತಿ ತಗ್ಗಿಸಿಕೊಂಡು. ಕೆಲವು ಸೆಟ್‌ಗಳಲ್ಲಿ ಎಚ್‌ಟಿ ಯೋಕಿನ ಪ್ಲಗ್ ಮೂಲಕವೇ ಹಾದುಹೋಗುತ್ತದೆ, ಸರ್ಕ್ಯೂಟ್ ನೋಡದೆ ಕೀಳಬೇಡಿ.

ಇಎಚ್‌ಟಿಯ ಒಂದೆರಡು ಸುತ್ತು ಒಳಗೇ ಶಾರ್ಟ್ ಆಗಿದ್ದರೆ ಓಮ್ ಮೀಟರಿಗೆ ಸಿಗುವುದಿಲ್ಲ, ನೂರಾರು ಸುತ್ತಿನಲ್ಲಿ ಆ ವ್ಯತ್ಯಾಸ ಏನೂ ಅಲ್ಲ. ರಿಂಗ್ ಟೆಸ್ಟ್ ಮಾಡಬೇಕು. ವಾಲ್ವ್ ಕ್ಯಾಪ್‌ಗಳನ್ನು ತೆಗೆದು, ಫಂಕ್ಷನ್ ಜನರೇಟರಿನ ಚೌಕ ಅಲೆಯನ್ನು 470 ಪಿಕೊಫ್ಯಾರಡ್ ಮೂಲಕ ಪ್ರೈಮರಿಗೆ ಕೊಟ್ಟು ಆಸಿಲೋಸ್ಕೋಪಿನಲ್ಲಿ ನೋಡಿ. ಒಳ್ಳೆಯದಾದರೆ ಅಲೆ ಎಂಟು ಹತ್ತು ಸಲ ಮಿಡಿದು ನಿಧಾನ ಅಡಗುತ್ತದೆ, ಶಾರ್ಟ್ ಇದ್ದರೆ ಎರಡು ಮೂರಕ್ಕೇ ಸಾಯುತ್ತದೆ. ಹೋಲಿಕೆ ಬೇಕೆಂದರೆ ಬೆಸುಗೆ ತಂತಿಯ ಒಂದು ಸುತ್ತನ್ನು ಕೋರಿಗೆ ಹಾಕಿ ತುದಿ ಕೂಡಿಸಿ. ಅಲೆ ಆಗ ಹೇಗೆ ಕುಸಿಯುತ್ತದೋ ಅದೇ ಶಾರ್ಟಿನ ರೂಪ. ಸುತ್ತು ಹಾಕಿದರೂ ಹಾಕದಿದ್ದರೂ ಅಲೆ ಒಂದೇ ಥರ ಇದ್ದರೆ ಇಎಚ್‌ಟಿ ಹೋಗಿದೆ.

ಮಳೆಗಾಲ ಕಳೆದ ಅಟ್ಟದ ಸೆಟ್ಟಿನಲ್ಲಿ ಸುತ್ತುಗಳು ತೇವ ಹೀರಿರುತ್ತವೆ. ಸುಯ್ಯೆನ್ನುವ ಸದ್ದು, ಕತ್ತಲಲ್ಲಿ ನೇರಳೆ ಬೆಳಕು, ಓಜೋನಿನ ಖಾರ ವಾಸನೆ ಇದ್ದರೆ ಕೊರೊನಾ, ಅಂದರೆ ಹೈವೋಲ್ಟೇಜ್ ಗಾಳಿಗೆ ಸೋರುತ್ತಿದೆ. ಇಎಚ್‌ಟಿ ಬಿಚ್ಚಿ, 40 ವ್ಯಾಟ್ ಬಲ್ಬ್ ಉರಿಯುವ ತಗಡಿನ ಡಬ್ಬಿಯಲ್ಲಿ 50 ಡಿಗ್ರಿಗೆ ಒಂದೆರಡು ದಿನ ಒಣಗಿಸಿ. ಅದಕ್ಕಿಂತ ಬಿಸಿಯಾದರೆ ಮೇಣ ಕರಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆ ಮೇಲೆ ಇಡುವ ಆಲೋಚನೆ ಬೇಡ, ಕಾವು ಹಿಡಿತಕ್ಕೆ ಸಿಗುವುದಿಲ್ಲ. ಬಿರುಕಿಗೆ ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ತೆಳ್ಳಗೆ ತುಂಬಿ; ವಿನೆಗರ್ ವಾಸನೆಯದು ತಾಮ್ರ ತಿನ್ನುತ್ತದೆ. ಹೈವೋಲ್ಟೇಜ್ ಬೆಸುಗೆಗಳು ಗುಂಡಗಿರಬೇಕು, ಚೂಪು ತುದಿ ಇದ್ದಲ್ಲೇ ಕೊರೊನಾ ಹುಟ್ಟುತ್ತದೆ.

ಟ್ಯೂಬ್ ಮತ್ತು ಫ್ರೇಮ್

ಬೆಳಕು ಬರಲು ಹಲವು ನಿಮಿಷ ಹಿಡಿದು, ಬಿಳಿ ಭಾಗ ಬೆಳ್ಳಿಯಂತೆ ಹರಡಿದರೆ ಟ್ಯೂಬಿನ ಎಮಿಷನ್ (ಎಲೆಕ್ಟ್ರಾನ್ ಹೊರಸೂಸುವ ಶಕ್ತಿ) ಇಳಿದಿದೆ. ದಿನಕ್ಕೆ ಎರಡು ತಾಸಿನಂತೆ ಕೆಲವು ದಿನ ಓಡಿಸಿ ನೋಡಿ, ಎಷ್ಟೋ ಟ್ಯೂಬ್ ತಾನೇ ಚೇತರಿಸಿಕೊಳ್ಳುತ್ತವೆ. ಹೀಟರ್ ವೋಲ್ಟೇಜ್ ಏರಿಸುವ ಬೂಸ್ಟರ್ ಕೊನೆಯ ಮದ್ದು. ಕೆಲಕಾಲ ಬೆಳಕು ಕೊಟ್ಟು ಟ್ಯೂಬನ್ನು ಬೇಗ ಮುಗಿಸುತ್ತದೆ.

ಚಿತ್ರ ಕೆಳಗೆ ಮುದುಡಿದರೆ ಪಿಸಿಎಲ್805ರ ಕ್ಯಾಥೋಡ್ ಎಲೆಕ್ಟ್ರೊಲಿಟಿಕ್ ಒಣಗಿದೆ. ನಡುವೆ ಒಂದೇ ಅಡ್ಡಗೆರೆ ಇದ್ದರೆ ಫ್ರೇಮ್ ನಿಂತಿದೆ. ಫಾಸ್ಫರ್ ಸುಡುವ ಮುನ್ನ ಬ್ರೈಟ್‌ನೆಸ್ ತಗ್ಗಿಸಿ.

ಚಿತ್ರ ಎಲ್ಲಿಂದ ತರುವುದು

ಹಳೆ ಆಂಟೆನಾಕ್ಕೆ ಈಗ ಹಿಡಿಯಲು ಏನೂ ಇಲ್ಲ, ಅನಲಾಗ್ ಪ್ರಸಾರ ನಿಂತಿದೆ. ಫ್ರೀ ಡಿಶ್ ಬಾಕ್ಸಿನ ಎವಿ ಔಟ್‌ಪುಟ್ಟನ್ನು ಮಾಡ್ಯುಲೇಟರಿಗೆ (ಅದನ್ನು ಟಿವಿ ಚಾನೆಲ್ಲಿನ ಸಿಗ್ನಲ್ಲಾಗಿ ಮಾಡುವ ಸಾಧನ) ಕೊಟ್ಟು ಅಲ್ಲಿಂದ ಸೆಟ್ಟಿಗೆ ತರಬೇಕು. ಹಳೆ ಟ್ಯೂನರ್ ವಿಎಚ್‌ಎಫ್ ಮಾತ್ರ ಹಿಡಿಯುತ್ತದೆ, ಯುಎಚ್‌ಎಫ್ ಮಾಡ್ಯುಲೇಟರ್ ಕೆಲಸಕ್ಕೆ ಬಾರದು. ಚಾನೆಲ್ 3, 4 ಎಂದು ಬರೆದ ಅಮೆರಿಕನ್ ಮಾದರಿಯದರಲ್ಲಿ ಸೌಂಡ್ 4.5 ಮೆಗಾಹರ್ಟ್ಸ್ ದೂರದಲ್ಲಿದೆ, ನಮ್ಮದು 5.5, ಚಿತ್ರ ಬಂದರೂ ಮಾತು ಕೇಳಿಸದು. ಕೇಬಲ್ ಆಪರೇಟರುಗಳು ಮೂಲೆಗೆಸೆದ ಅನಲಾಗ್ ಹೆಡ್‌ಎಂಡ್ ಮಾಡ್ಯುಲೇಟರ್ ಇದಕ್ಕೆ ಹೇಳಿ ಮಾಡಿಸಿದ್ದು. 2ರಿಂದ 12ರೊಳಗಿನ ಯಾವುದೇ ಚಾನೆಲ್ಲಿನದು ಆದೀತು. ಅದರ ಸಿಗ್ನಲ್ ಬಹಳ ಜೋರು. 30ರಿಂದ 40 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಹಾಕಿ, 75 ಓಮಿನ ಕೇಬಲನ್ನು 300 ಓಮಿನ ಆಂಟೆನಾ ಸಾಕೆಟ್ಟಿಗೆ ಹೊಂದಿಸುವ ಬಾಲನ್ ಮೂಲಕ ಕೊಡಿ. ಟ್ಯೂನರ್ ಕಾಂಟ್ಯಾಕ್ಟ್ ಕಪ್ಪಾಗಿದ್ದರೆ ಆಲ್ಕೋಹಾಲ್ ಸಾಕು, ಮರಳು ಕಾಗದ ಉಜ್ಜಿದರೆ ಬೆಳ್ಳಿಯ ಪದರ ಹೋಗುತ್ತದೆ.

ಬಾಕ್ಸ್ ಜೋಡಿಸುವ ಮುನ್ನ ಆಂಟೆನಾ ಸಾಕೆಟ್ ಒಳಗಿನ ಎರಡು ಚಿಕ್ಕ ಕಂಡೆನ್ಸರ್‌ಗಳನ್ನು ಬದಲಿಸಿ. ಮೇನ್ಸಿಗೂ ಆಂಟೆನಾಕ್ಕೂ ನಡುವಿನ ಗೋಡೆ ಅವೇ. ಮೇನ್ಸ್ ಸುರಕ್ಷತೆಗೆಂದೇ ಮಾಡಿದ ವೈ1 ವರ್ಗದ ಕಂಡೆನ್ಸರನ್ನೇ ಹಾಕಿ, ಸಾಮಾನ್ಯ ಸೆರಾಮಿಕ್ ಬೇಡ. ಎವಿ ತಂತಿಯನ್ನು ನೇರ ಸರ್ಕ್ಯೂಟಿಗೆ ಬೆಸೆಯುವ ಅಡ್ಡದಾರಿ ಎಂದೂ ಹಿಡಿಯಬೇಡಿ, ಬಾಕ್ಸಿನ ತಗಡೇ ಫೇಸ್ ಆಗುತ್ತದೆ.

ಮನೆಯಲ್ಲಿ ಓಡಿಸುವಾಗ

ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಇಡುವುದಾದರೆ ತಿರುಗಿಸಿ ಹಾಕಲಾಗದ ಮೂರು ಪಿನ್ನಿನ ಪ್ಲಗ್ ಹಾಕಿ, ಚಾಸಿಸ್ ನ್ಯೂಟ್ರಲಿಗೇ ಬಂದಿದೆಯೇ ಎಂದು ಟೆಸ್ಟರಿನಿಂದ ಖಾತ್ರಿ ಮಾಡಿಕೊಳ್ಳಿ. ಅರ್ತ್ ತಂತಿಯನ್ನು ಚಾಸಿಸ್‌ಗೆ ಕೊಡಬಾರದು. ಗುಂಡಿಗಳ ಸ್ಕ್ರೂ ತೂತಿಗೆ ಮೇಣ ತುಂಬಿ.

ಹಿರಿಯೂರು, ಚಳ್ಳಕೆರೆ ಕಡೆ ಪಂಪ್‌ಸೆಟ್ ಹೊತ್ತಿನಲ್ಲಿ ವೋಲ್ಟೇಜ್ 180ಕ್ಕೆ ಇಳಿಯುವುದೂ ರಾತ್ರಿ 250ಕ್ಕೆ ಏರುವುದೂ ಉಂಟು. ಎರಡೂ ಹೀಟರಿಗೆ ಕೆಟ್ಟದ್ದು, ಸ್ಟೆಬಿಲೈಜರ್ ಕಡ್ಡಾಯ. ಗೆದ್ದಲು ಹಿಡಿದ ಕ್ಯಾಬಿನೆಟ್ಟಿಗೆ ಮದ್ದು ಹಾಕುವಾಗ ಚಾಸಿಸ್ ಹೊರಗಿರಲಿ. ಷಟರಿನ ಮರದ ಪಟ್ಟಿಗಳು ಬಿಟ್ಟುಬಂದಿದ್ದರೆ ಹಿಂದಿನ ಬಟ್ಟೆ ಕಿತ್ತು ಹೊಸ ಕಾಡಾ ಬಟ್ಟೆಗೆ ಫೆವಿಕಾಲ್‌ನಿಂದ ಅಂಟಿಸಿ, ಒಂದು ರಾತ್ರಿ ಭಾರ ಹೇರಿಡಿ. ಹಿಂಬದಿಯ ಹಲಗೆಯ ತೂತುಗಳು ಗೋಡೆಯಿಂದ ಕನಿಷ್ಠ ಅರ್ಧ ಅಡಿ ದೂರವಿರಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ಹಚ್ಚಿದರೆ ಎಲೆಕ್ಟ್ರೊಲಿಟಿಕ್‌ಗಳು ಕೆಡುವುದಿಲ್ಲ, ಇಎಚ್‌ಟಿಗೆ ತೇವ ಸೇರುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನ ಬಿಟ್ಟು ಹಚ್ಚುವುದಾದರೆ ಮೊದಲ ಹತ್ತು ನಿಮಿಷ ಬ್ರೈಟ್‌ನೆಸ್ ತಗ್ಗಿಸಿಡಿ, ಸುಯ್ ಸದ್ದು ಇಲ್ಲವೆಂದು ಖಚಿತವಾದ ಮೇಲೆ ಏರಿಸಿ.